ಮೇಲೆ ಬಂದವರು, ಮೇಲೆ ತಂದವರು

ನಮ್ಮ ಕಚೇರಿಯ ಕೆಳಗೆ ಕಿರಾಣಿ ಅಂಗಡಿ ಇಟ್ಟಿರುವ ಸಾಹುಕಾರರು ಪತ್ರಿಕೆಯ ಹಳೆಯ ಚಂದಾದಾರರು. ನಮ್ಮ ರಾಜಕೀಯ ಅವರಿಗೆ ಅಷ್ಟಾಗಿ ಒಗ್ಗದು. ಆದರೂ ವಾರವಾರವೂ ತಪ್ಪದೆ ಓದುತ್ತಾರೆ, ಓದಿ ಮೆಟ್ಟಿಲು ಹತ್ತಿ ಜಗಳಕ್ಕೆ ಬರುತ್ತಾರೆ. ಇಂಥ ಓದುಗರು ಇರುವವರೆಗೆ ಪತ್ರಿಕೆಗೆ ಸಾವಿಲ್ಲ. ಹೋದ ಸೋಮವಾರ ಮಾತ್ರ ಮೆಟ್ಟಿಲಿಳಿದು ಜಗಳಕ್ಕೆ ಹೋದವರು ನಾವು, ಮತ್ತು ಜಗಳ ಎದ್ದದ್ದು ಸಂಗೀತದ ಮೇಲೆ.

ಬೆಟಗೇರಿ ಕಡೆಯ ಜಿನ್ನಿಂಗ್ ಗಿರಣಿಯಲ್ಲಿ ಹಂಗಾಮಿನ ಕೂಲಿ ಮಾಡುವ ಒಬ್ಬರು ತಮ್ಮ ಹದಿನಾರು ವರ್ಷದ ಮಗನನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದರು. ಹುಡುಗ ಒಂಬತ್ತನೆಯ ವಯಸ್ಸಿನಿಂದ ಹಾಡಿಕೆ ಕಲಿತಿದ್ದಾನೆ. ಕಲಿಸಿದ ಮಾಸ್ತರರು ಗದಗಿನ ಪುಣ್ಯಾಶ್ರಮದಲ್ಲಿ ಕಲಿತು ಬಂದವರು. ಮದುವೆ ಮನೆಯಲ್ಲಿ, ಪುರಾಣ ಪ್ರವಚನದಲ್ಲಿ ಪೇಟಿ ನುಡಿಸಿ ಸಂಸಾರ ನಡೆಸುವವರು. "ನನ್ನ ಹತ್ತರ ಇದ್ದದ್ದು ಮುಗೀತಪ್ಪ, ಇನ್ನ ನೀ ಧಾರವಾಡಕ್ಕ ಹೋಗಬೇಕು" ಎಂದು ಅವರು ಹೇಳಿ ಮೂರು ತಿಂಗಳಾಯಿತು. ವಾರಕ್ಕೆ ಮೂರು ದಿನ ರೈಲು, ಗುರುಗಳಿಗೆ ಏನಾದರೂ ಕಾಣಿಕೆ, ನಡುವೆ ಹೊಟ್ಟೆಯ ಪಾಡು. ಹಂಗಾಮು ಮುಗಿದು ತಂದೆಗೇ ಕೆಲಸವಿಲ್ಲದ ತಿಂಗಳುಗಳಲ್ಲಿ ಇದೆಲ್ಲ ಎಲ್ಲಿಂದ ಬರಬೇಕು? ಸಾಹುಕಾರರ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಜಾಗ ಖಾಲಿ ಇದೆ. ಹುಡುಗನನ್ನು ಅಲ್ಲಿ ನಿಲ್ಲಿಸುವ ಮಾತು ನಡೆದಿತ್ತು.

ನಾವು ನಡುವೆ ಬಾಯಿ ಹಾಕಿದೆವು. ಸಾಹುಕಾರರು ನಕ್ಕರು. "ಸಂಪಾದಕರ, ಪ್ರತಿಭಾ ಇದ್ದಂವ ಹೆಂಗಾರ ಮ್ಯಾಲ ಬರತಾನ್ರಿ. ಎಣ್ಣಿ ನೀರಾಗ ಮುಳುಗತೈತೇನು? ಭೀಮಸೇನ ಜೋಶಿಯವರಿಗೆ ಯಾರು ಪಾಸು ತೆಗಿಸಿಕೊಟ್ಟಿದ್ರು? ತಿಕೀಟಿಲ್ದ ಗಾಡಿ ಹತ್ತಿ ಓಡಿಹೋದ್ರು, ಭಾರತರತ್ನ ಆದ್ರು."

ಅಂಗಡಿಯಲ್ಲಿ ಇದ್ದವರೆಲ್ಲ ತಲೆದೂಗಿದರು. ಹುಡುಗನ ತಂದೆಯೂ ತಲೆದೂಗಿದರು. ಆ ಗದ್ದಲದಲ್ಲಿ ನಾವು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸಾಹುಕಾರರು ಎತ್ತಿದ ಉದಾಹರಣೆಯನ್ನೇ ಮೊದಲು ಬಿಚ್ಚಿ ನೋಡೋಣ. ಭೀಮಸೇನರು ೧೯೨೨ರಲ್ಲಿ ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದವರು. ತಂದೆ ಶಾಲಾ ಮಾಸ್ತರರು. ಭಜನೆಯ ಮೇಳವಿರಲಿ, ಬ್ಯಾಂಡಿನ ಮೆರವಣಿಗೆಯಿರಲಿ, ಹುಡುಗ ಅದರ ಬೆನ್ನು ಹತ್ತಿ ಹೋಗಿ ದಣಿದಲ್ಲಿ ಮಲಗಿಬಿಡುತ್ತಿದ್ದ. ಹುಡುಕಿ ಬೇಸತ್ತ ತಂದೆ ಮಗನ ಅಂಗಿಯ ಮೇಲೆ ಜೋಶಿ ಮಾಸ್ತರರ ಮಗನೆಂದು ಬರೆದುಬಿಟ್ಟರಂತೆ. ಕಂಡವರು ಕೈಹಿಡಿದು ಮನೆ ಮುಟ್ಟಿಸುತ್ತಿದ್ದರು. ಈ ಕತೆಯನ್ನು ಎಲ್ಲರೂ ನಗುವುದಕ್ಕೆಂದು ಹೇಳುತ್ತಾರೆ. ನಮಗೆ ಅದರಲ್ಲಿ ಕಾಣುವುದು, ಹಾಡಿನ ಹುಚ್ಚು ಹಿಡಿದ ಒಂದು ಕೂಸನ್ನು ಊರಿಗೆ ಊರೇ ಕಾಯ್ದ ಸಂಗತಿ.

ಮುಂದೆ ಹುಡುಗನ ಕಿವಿಗೆ ಅಬ್ದುಲ್ ಕರೀಮ್ ಖಾನರ ಗ್ರಾಮಫೋನ್ ತಟ್ಟೆಯೊಂದು ಬಿತ್ತು. ಝಿಂಝೋಟಿ ರಾಗದ ಠುಮರಿ. ಆ ಕಾಲಕ್ಕೆ ಗ್ರಾಮಫೋನ್ ಯಂತ್ರ ಬಡ ಮನೆಗಳ ಸಾಮಾನಾಗಿರಲಿಲ್ಲ. ಅದು ಪೇಟೆಯ ಅಂಗಡಿಗಳಲ್ಲಿ ಮೊಳಗುತ್ತಿತ್ತು, ಗಿರಾಕಿಯಲ್ಲದವನೂ ಬಾಗಿಲಲ್ಲಿ ನಿಂತು ಪುಕ್ಕಟೆ ಕೇಳಬಹುದಾಗಿತ್ತು. ಸಾಹುಕಾರರು ಇದನ್ನು ಗಮನಿಸಬೇಕು. ಪೇಟೆಯವರು ನಿಂತು ಕೇಳುವವನನ್ನು ಅಟ್ಟಿಬಿಟ್ಟಿದ್ದರೆ ಎಷ್ಟೋ ಕಿವಿಗಳು ಹಾಡನ್ನೇ ಕಾಣುತ್ತಿರಲಿಲ್ಲ.

ಮನೆ ಬಿಟ್ಟದ್ದು ೧೯೩೩ರಲ್ಲಿ, ಹನ್ನೊಂದನೆಯ ವಯಸ್ಸಿಗೆ. ಕೈಯಲ್ಲಿ ಟಿಕೆಟ್ಟಿರಲಿಲ್ಲ ನಿಜ. ಆದರೆ ಗಾಡಿಯಲ್ಲಿದ್ದ ಜನ ಚಿಲ್ಲರೆ ಹಣ ಕೊಟ್ಟರು. ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫೀಜ್ ಅಲಿ ಖಾನರು ಅಲ್ಲಿನ ಸಂಗೀತ ಶಾಲೆಗೆ ಸೇರಿಸಿದರು. ಕಲಕತ್ತೆಯಲ್ಲಿ ಸಿನಿಮಾ ನಟರೊಬ್ಬರ ಮನೆಯಲ್ಲಿ ಚಾಕರಿ ಸಿಕ್ಕಿತು. ಜಲಂಧರದಲ್ಲಿ ಭಗತ್ ಮಂಗತ್‌ರಾಮರು ಪಾಠ ಹೇಳಿದರು. ಅಲ್ಲಿನ ಸಂಗೀತೋತ್ಸವಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಮಗ್ಗುಲಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಷ್ಟು ದೂರ ಬಂದು ಅಲೆಯುವುದೇಕೆ ಎಂದು ತಿಳಿಹೇಳಿದರು. ತಂದೆ ಮಗನನ್ನು ಹುಡುಕಿ ಮನೆಗೆ ಕರೆತಂದರು. ಹೊಡೆದು ಕೂಡಿಹಾಕದೆ ಸವಾಯಿ ಗಂಧರ್ವರ ಬಳಿ ಕಲಿಯಲು ಬಿಟ್ಟರು. ೧೯೩೬ರಿಂದ ೧೯೪೦ರವರೆಗೆ ಕುಂದಗೋಳದ ಗುರುಗಳ ಬಳಿ ಕಲಿಕೆ. ೧೯೪೩ರ ಹೊತ್ತಿಗೆ ಮುಂಬಯಿಯಲ್ಲಿ ರೇಡಿಯೋ ಕಲಾವಿದರಾಗಿ ಕೆಲಸ.

ಮನೆ ಬಿಟ್ಟಂದಿನಿಂದ ರೇಡಿಯೋ ಕೆಲಸದವರೆಗೆ ಹತ್ತು ವರ್ಷ. ಈ ಹತ್ತು ವರ್ಷಗಳಲ್ಲಿ ಅವರ ಹಾಡಿಕೆ ಹೊಟ್ಟೆ ತುಂಬಿಸುವಷ್ಟು ದುಡಿಯಲಿಲ್ಲ. ಆ ಹೊಟ್ಟೆಗೆ ಅನ್ನ ಹಾಕಿದವರು ಯಾರು ಯಾರೋ. ಕೆಲವರ ಹೆಸರು ಚರಿತ್ರೆಯಲ್ಲಿ ನಿಂತಿದೆ, ಬಹಳ ಜನರದು ನಿಂತಿಲ್ಲ. ಎಣ್ಣೆ ತಾನಾಗಿ ತೇಲಿತೆಂದು ಸಾಹುಕಾರರು ಹೇಳುವಾಗ ಈ ಜನರನ್ನೆಲ್ಲ ಲೆಕ್ಕದ ವಹಿಯಿಂದ ಹೊಡೆದುಹಾಕಿದಂತಾಗುತ್ತದೆ. ವ್ಯಾಪಾರಸ್ಥರಾದ ಅವರಿಗೆ ಇಂಥ ಲೆಕ್ಕ ಶೋಭಿಸದು.

ಗುರುಮನೆಯ ವಿಷಯದಲ್ಲಿ ನಮ್ಮದೇ ಒಂದು ಕಸಿವಿಸಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕುಂದಗೋಳದಲ್ಲಿ ಶಿಷ್ಯ ಕೊಡ ಹೊತ್ತು ನೀರು ತಂದ, ಮನೆಗೆಲಸ ಮಾಡಿದ, ಬಹುಕಾಲ ಪಾಠಕ್ಕಾಗಿ ಕಾದ. ಸಂಬಳವಿಲ್ಲದ ದುಡಿಮೆಯನ್ನು ಗಿರಣಿಯಲ್ಲಿ ಕಂಡರೆ ನಾವು ಬಾವುಟ ಹಿಡಿದು ನಿಲ್ಲುತ್ತೇವೆ. ಗುರುಮನೆಯಲ್ಲಿ ಕಂಡರೆ ಭಕ್ತಿ ಎನ್ನುತ್ತೇವೆ. ಎರಡೂ ಒಂದೇ ಎಂದು ನಾವು ವಾದಿಸುವುದಿಲ್ಲ, ಏಕೆಂದರೆ ಗುರು ಆ ನೀರಿನ ಕೊಡಕ್ಕೆ ಬದಲು ಕೊಟ್ಟದ್ದು ಬೇರೆಲ್ಲಿಯೂ ಸಿಗದ ವಿದ್ಯೆ. ಆದರೆ ಕೊಡ ಹೊತ್ತು ವಿದ್ಯೆ ಸಿಗದೆ ಹೋದ ಹುಡುಗರೂ ಎಷ್ಟೋ ಗುರುಮನೆಗಳಲ್ಲಿ ಇದ್ದಿರಲೇಬೇಕು. ಅವರ ಆತ್ಮಕತೆಯನ್ನು ಯಾರೂ ಅಚ್ಚುಹಾಕಿಸಲಿಲ್ಲ.

ಗಂಡುಹುಡುಗ ಮನೆ ಬಿಟ್ಟು ಓಡಿದರೆ ಕತೆಯಾಗುತ್ತದೆ. ಹೆಣ್ಣುಮಗಳು ಓಡಿದರೆ ಏನಾಗುತ್ತಿತ್ತೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದುದರಿಂದ ಗಂಗೂಬಾಯಿ ಹಾನಗಲ್ಲರ ಕತೆ ನಮಗೆ ಇನ್ನೂ ಹತ್ತಿರದ್ದು.

೧೯೧೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರದು ಹಾಡುವ ಹೆಂಗಸರ ಮನೆತನ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು; ಅಬ್ದುಲ್ ಕರೀಮ್ ಖಾನರಂಥವರೂ ಧಾರವಾಡಕ್ಕೆ ಬಂದಾಗ ಆ ಮನೆಯಲ್ಲಿ ಕುಳಿತು ಕೇಳುತ್ತಿದ್ದರು. ಒಳಗೆ ಇಷ್ಟು ಗೌರವ. ಹೊಸ್ತಿಲು ದಾಟಿದರೆ ಬೀದಿಯಲ್ಲಿ ಹಾಡುವವಳ ಮಗಳೆಂಬ ಹೀಯಾಳಿಕೆ. ೧೯೨೪ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿಯೂ ಒಬ್ಬಳು. ಆಗ ಅವಳನ್ನು ಕಾಡಿದ್ದು ರಾಗ ತಪ್ಪೀತೆಂಬ ಭಯವಲ್ಲವಂತೆ. ಊಟವಾದ ಮೇಲೆ ಎಂಜಲು ಬಳಿಯಲು ತನಗೆ ಹೇಳುತ್ತಾರೋ ಏನೋ ಎಂಬ ಭಯ. ಮುಂದೆ ಅವರೇ ಇದನ್ನು ನೆನೆದು ಹೇಳಿದ್ದಾರೆ. ಸ್ವಾತಂತ್ರ್ಯದ ಹಾಡು ಹೇಳಲು ನಿಂತ ಕೂಸಿನ ಎದೆಯಲ್ಲಿ ಈ ಭಯವನ್ನು ಇಟ್ಟವರು ಬ್ರಿಟಿಷರಲ್ಲ.

ಮಗಳಿಗೆ ಹಿಂದೂಸ್ತಾನಿ ಕಲಿಸಬೇಕೆಂದು ತಾಯಿ ೧೯೨೮ರಲ್ಲಿ ಹುಬ್ಬಳ್ಳಿಗೆ ಮನೆ ಕಿತ್ತರು. ಅಲ್ಲಿ ಕೃಷ್ಣಾಚಾರ್ಯ ಹುಲಗೂರರಲ್ಲಿ ಒಂದು ವರ್ಷದಲ್ಲಿ ಅರವತ್ತು ಚೀಜುಗಳ ಪಾಠವಾಯಿತು. ಆಮೇಲೆ ಸಂಬಳದ ಮಾತಿನಲ್ಲಿ ಜಗಳ ಬಂದು ಪಾಠ ನಿಂತಿತು. ಇದನ್ನು ಓದಿ ಗುರುಗಳನ್ನು ಬೈಯಬೇಡಿ, ಅವರಿಗೂ ಹೊಟ್ಟೆಯಿತ್ತು. ಕಲಿಯುವವಳ ಕೈಯಲ್ಲೂ ಹಣವಿಲ್ಲ, ಕಲಿಸುವವರ ಕೈಯಲ್ಲೂ ಹಣವಿಲ್ಲ. ಹಾಗಾದಾಗ ವಿದ್ಯೆ ಅರವತ್ತನೆಯ ಚೀಜಿಗೇ ನಿಲ್ಲುತ್ತದೆ.

ಈ ಕತೆಯಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಅಂಬಾಬಾಯಿಯ ಮೌನ. ತನ್ನ ಕರ್ನಾಟಕ ಶೈಲಿಯ ಛಾಯೆ ಮಗಳ ಹಿಂದೂಸ್ತಾನಿ ಹಾಡಿಕೆಯ ಮೇಲೆ ಬೀಳಬಾರದೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟರು. ಖಾನಸಾಹೇಬರು ಬಂದು ಕುಳಿತು ಕೇಳುತ್ತಿದ್ದ ಕಂಠ ಅದು. ಮಗಳ ಹೆಸರು ದೇಶಕ್ಕೆಲ್ಲ ಹಬ್ಬಿದ್ದನ್ನು ನೋಡುವ ಮೊದಲೇ ತೀರಿಕೊಂಡರು. ೧೯೭೧ರಲ್ಲಿ ಬಂದ ಪದ್ಮಭೂಷಣದ ಹಿಂದೆ, ೨೦೦೨ರಲ್ಲಿ ಬಂದ ಪದ್ಮವಿಭೂಷಣದ ಹಿಂದೆ ನಿಂತುಹೋದ ಈ ಹಾಡನ್ನು ಯಾವ ತಟ್ಟೆಯೂ ಮುದ್ರಿಸಿಕೊಂಡಿಲ್ಲ.

ಆನಂತರ ಸವಾಯಿ ಗಂಧರ್ವರ ಪಾಠ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲು, ಪಾಠ ಮುಗಿಸಿ ಮತ್ತೆ ರೈಲು. ಸಂಜೆ ನಿಲ್ದಾಣದವರೆಗೆ ಜೊತೆಗೆ ನಡೆದು ಬರುತ್ತಿದ್ದವನು ಗುರುಮನೆಯ ಹುಡುಗ ಭೀಮಸೇನ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರು. ಕುಟುಂಬದ ಖರ್ಚಿನ ಭಾರ ಬಹುಮಟ್ಟಿಗೆ ಅವರ ಕೊರಳ ಮೇಲೆಯೇ ಬಿದ್ದಿತ್ತು. ತಾಯಿ ಗಾಡಿಯಲ್ಲಿ ಕುಳಿತು ತಾನುಗಳನ್ನು ಮನಸ್ಸಿನಲ್ಲಿ ತಿರುವಿ ಹಾಕುವಾಗ ಆ ಮಕ್ಕಳಿಗೆ ರೊಟ್ಟಿ ಬಡಿದು ಹಾಕಿದ ಕೈ ಯಾವುದೋ ಇತ್ತಷ್ಟೆ? ಸಂಗೀತದ ಚರಿತ್ರೆ ಬರೆಯುವವರು ಘರಾಣೆಯ ವಂಶವೃಕ್ಷ ಬರೆಯುತ್ತಾರೆ, ಒಲೆಯ ವಂಶವೃಕ್ಷ ಬರೆಯುವುದಿಲ್ಲ.

ಹೆಸರು ಬಂದ ಮೇಲೂ ತಾರತಮ್ಯ ಬಿಡಲಿಲ್ಲ. ಗಂಡಸು ಹಾಡಿದರೆ ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ. ಕೇಸರಬಾಯಿ, ಮೊಗೂಬಾಯಿಯವರಂಥ ಹೆಂಗಸರು ಮಾತ್ರ ಕಡೆಯವರೆಗೂ ಬಾಯಿಯೇ ಎಂದು ಗಂಗೂಬಾಯಿಯವರು ನಗುತ್ತಲೇ ಚುಚ್ಚಿದ್ದುಂಟು. ಸ್ವಾತಂತ್ರ್ಯದ ಹೊಸ್ತಿಲಿನ ವರ್ಷಗಳಲ್ಲಿ ಖಾಸಗಿ ನಡತೆಯ ನೆಪ ಒಡ್ಡಿ ಹಾಡುವ ಮನೆತನಗಳ ಹೆಂಗಸರಿಗೆ ರೇಡಿಯೋ ಬಾಗಿಲು ಮುಚ್ಚಿದ್ದೂ ಉಂಟು. ಎಷ್ಟು ಕಂಠಗಳು ಆ ಬಾಗಿಲಿಗೆ ಬಡಿದು ಹಿಂದಿರುಗಿದವೋ. ಅವು ಮುಳುಗಿದ್ದು ಪ್ರತಿಭೆಯ ಕೊರತೆಯಿಂದಲೇನು, ಸಾಹುಕಾರರೇ?

ಇನ್ನು ನಾಟಕ ಕಂಪನಿಗಳ ಮಾತು. ಧಾರವಾಡದ ಹತ್ತಿರದ ಮನಸೂರಿನ ರೈತರ ಮನೆಯ ಹುಡುಗ ಮಲ್ಲಿಕಾರ್ಜುನ, ಒಂಬತ್ತು ಹತ್ತು ವರ್ಷಕ್ಕೇ ವಾಮನರಾವ್ ಮಾಸ್ತರರ ಕಂಪನಿ ಸೇರಿ ಬಾಲಪಾತ್ರಗಳನ್ನು ಹಾಡಿದವರು. ಕಂಪನಿಯೆಂದರೆ ದಿನದ ಊಟ, ರಾತ್ರಿಯ ರಂಗ, ಎದುರಿಗೆ ಟಿಕೆಟು ತೆಗೆದು ಕುಳಿತ ಹಮಾಲರು, ಗಾಣಿಗರು, ನೇಕಾರರು. ಹಾಡು ಹಿಡಿಸಿದರೆ ಒನ್ಸ್‌ಮೋರ್, ಹಿಡಿಸದಿದ್ದರೆ ಅದನ್ನೂ ಮುಖಕ್ಕೇ ಹೇಳುವ ಜನ. ಮುಂದೆ ಮಿರಜದ ನೀಲಕಂಠ ಬುವಾ, ಮುಂಬಯಿಯ ಮಂಜೀಖಾನ, ಬುರ್ಜೀಖಾನರ ಪಾಠ ದೊರೆತು ಮನಸೂರರು ಏನಾದರೆಂಬುದು ಲೋಕಕ್ಕೆ ಗೊತ್ತು. ಲೋಕಕ್ಕೆ ಅಷ್ಟಾಗಿ ಗೊತ್ತಿಲ್ಲದ ಸಂಗತಿಯೆಂದರೆ ಎಷ್ಟು ತಡವಾಗಿ ಗೊತ್ತಾಯಿತೆಂಬುದು. ಪದ್ಮಶ್ರೀ ಬಂದದ್ದು ೧೯೭೦ರಲ್ಲಿ, ಅರವತ್ತರ ಅಂಚಿನಲ್ಲಿ. ಕಾಳಿದಾಸ ಸನ್ಮಾನವಾಗಲಿ ಪದ್ಮವಿಭೂಷಣವಾಗಲಿ ಎಪ್ಪತ್ತು ದಾಟಿದ ಮೇಲಿನ ಮಾತು. ೧೯೯೨ರಲ್ಲಿ ತೀರಿಕೊಂಡರು. ನಡುವಿನ ದಶಕಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದರಲ್ಲಿ ಧಾರವಾಡ ಆಕಾಶವಾಣಿಯ ಕೆಲಸವೂ ಒಂದು. ಆ ಕಾಲದಲ್ಲಿ ಅವರನ್ನು ಪ್ರತಿಭೆಯ ಪಾಡಿಗೆ ಬಿಟ್ಟಿದ್ದರೆ ಹೊಲಕ್ಕೆ ಹಿಂದಿರುಗುತ್ತಿದ್ದರೇನೋ.

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಈ ಲೆಕ್ಕದಲ್ಲಿ ಎಲ್ಲಿ ಇಡಬೇಕು? ಹುಟ್ಟುಕುರುಡರಾದ ಪಂಚಾಕ್ಷರಿ ಗವಾಯಿಗಳನ್ನು ಎತ್ತಿ ಬೆಳೆಸಿದವರು ಹಾನಗಲ್ಲ ಕುಮಾರಸ್ವಾಮಿಗಳು. ಗವಾಯಿಗಳು ತಾವು ಕಲಿತದ್ದನ್ನು ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳಿಗೆ ಹಂಚಿದರು. ಮಕ್ಕಳೆಂದರೆ ಹೊಟ್ಟೆಗಳೂ ಹೌದು. ಆ ಹೊಟ್ಟೆಗಳಿಗಾಗಿ ನಾಟಕ ಕಂಪನಿ ಕಟ್ಟಿದರು, ಊರೂರು ತಿರುಗಿ ಜೋಳ ಎತ್ತಿದರು. ೧೯೪೪ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ಅದೇ ಭಾರ ಹೊತ್ತರು. ೧೯೩೬ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಹತ್ತೊಂಬತ್ತರ ಹರೆಯದ ಬಸವರಾಜ ರಾಜಗುರುಗಳು ಮೊದಲ ದೊಡ್ಡ ಕಚೇರಿ ಹಾಡಿದರು. ತಬಲಾಕ್ಕೆ ಕುಳಿತವರು ಸ್ವತಃ ಗುರು ಪಂಚಾಕ್ಷರಿ ಗವಾಯಿಗಳು. ಶಿಷ್ಯ ನಡುವೆ, ಗುರು ಮಗ್ಗುಲಿಗೆ. ಒಬ್ಬ ಹಾಡುಗಾರ ಮೇಲೆ ಬರುವುದು ಹೇಗೆಂದು ಯಾರಾದರೂ ಕೇಳಿದರೆ ನಾವು ಆ ವೇದಿಕೆಯ ಕಡೆ ಬೊಟ್ಟು ಮಾಡುತ್ತೇವೆ.

ಆಶ್ರಮದಿಂದ ಬಂದವರೆಲ್ಲ ರಾಜಗುರುಗಳಾಗಲಿಲ್ಲ, ಸಿದ್ಧರಾಮ ಜಂಬಲದಿನ್ನಿಯವರಾಗಲಿಲ್ಲ. ಬಹಳ ಮಂದಿ ಹಳ್ಳಿಯ ಶಾಲೆಯಲ್ಲಿ ಸಂಗೀತ ಮಾಸ್ತರರಾದರು, ಪುರಾಣಕ್ಕೆ ತಬಲಾ ಹಿಡಿದರು, ಕೀರ್ತನಕಾರರಾದರು, ನಮ್ಮ ಹುಡುಗನಿಗೆ ಏಳು ವರ್ಷ ಕಲಿಸಿದ ಮಾಸ್ತರರಂತೆ ಮದುವೆಯ ಪೇಟಿ ನುಡಿಸಿದರು. ಇವರನ್ನು ಸೋತವರೆಂದು ಎಣಿಸುವ ರೂಢಿ ಬಂದುಬಿಟ್ಟಿದೆ. ನಮಗೆ ಅದು ಶುದ್ಧ ಅವಿವೇಕವಾಗಿ ತೋರುತ್ತದೆ. ಗಿರಣಿಯಲ್ಲಿ ನೂಲುವವನು ಇಲ್ಲದೆ ನೇಯುವವನಿಲ್ಲ. ಹಳ್ಳಿಯಲ್ಲಿ ಸಾ ಹಿಡಿಯಲು ಕಲಿಸುವ ನೂರು ಮಂದಿ ಸಾಧಾರಣ ಮಾಸ್ತರರಿಗೆ ಅನ್ನವಿದ್ದರೆ ಮಾತ್ರ ಧಾರವಾಡದ ದೊಡ್ಡ ಗುರುವಿನ ಬಾಗಿಲಿಗೆ ಕಲಿತ ಹುಡುಗನೊಬ್ಬ ಹೋಗಿ ನಿಲ್ಲುತ್ತಾನೆ. ಧಾರವಾಡದ ಸೀಮೆಯಲ್ಲಿ ಇಷ್ಟು ಗವಾಯಿಗಳು ಹುಟ್ಟಿದ್ದಕ್ಕೆ ಇಲ್ಲಿನ ಮಣ್ಣು, ಇಲ್ಲಿನ ಮಳೆ, ಇಲ್ಲಿನ ಫೇಡೆ ಎಂದೆಲ್ಲ ಭಾಷಣಕಾರರು ಕಾರಣ ಹೇಳುತ್ತಾರೆ. ಮಳೆ ಬೇರೆ ಕಡೆಯೂ ಬೀಳುತ್ತದೆ. ಇಲ್ಲಿ ಮುಂಬಯಿ ಪ್ರಾಂತದ ರೈಲಿತ್ತು. ಮೈಸೂರು ಅರಮನೆಗೆ ಹೋಗುವ ಉತ್ತರದ ಉಸ್ತಾದರು ಹುಬ್ಬಳ್ಳಿ ಧಾರವಾಡಗಳಲ್ಲಿ ಇಳಿದು ಹಾಡುತ್ತಿದ್ದರು. ಮರಾಠಿ ಕನ್ನಡ ಕಂಪನಿಗಳು ಬಂದು ಡೇರೆ ಹಾಕುತ್ತಿದ್ದವು. ಕೇಳಿ ಹಣ ಕೊಡುವ ಪೇಟೆಯ ಜನರಿದ್ದರು.

ಅರಮನೆಯ ಹೆಸರು ಬಂದದ್ದರಿಂದ ಒಂದು ಮಾತು. ಅರಸರನ್ನೂ ಜಹಗೀರುದಾರರನ್ನೂ ಹೊಗಳುವುದು ಈ ಪತ್ರಿಕೆಯ ಪದ್ಧತಿಯಲ್ಲ. ಆದರೆ ಸುಳ್ಳು ಬರೆಯುವುದೂ ಪದ್ಧತಿಯಲ್ಲ. ಕುಂದಗೋಳದ ನಾಡಿಗೇರರ ವಾಡೆಯಲ್ಲಿ ಅಬ್ದುಲ್ ಕರೀಮ್ ಖಾನರು ಇಳಿದುಕೊಳ್ಳದಿದ್ದರೆ, ಆ ನಾಡಿಗೇರರ ಬಳಿ ಕಾರಕೂನರಾಗಿದ್ದವರ ಮಗ ರಾಮಭಾವು ಸವಾಯಿ ಗಂಧರ್ವರಾಗುತ್ತಿದ್ದುದು ಸಂದೇಹ. ಆ ಹಣ ಯಾರ ಬೆವರಿನದು ಎಂದು ಕೇಳುವ ಹಕ್ಕು ನಮಗಿದೆ, ಕೇಳುತ್ತಲೂ ಇದ್ದೇವೆ. ಆದರೆ ಸಂಸ್ಥಾನ ಹೋಯಿತು, ಜಹಗೀರು ಹೋಯಿತು. ಅವರು ಮಾಡುತ್ತಿದ್ದ ಖರ್ಚನ್ನು ಇನ್ನು ಮುಂದೆ ಯಾರು ಮಾಡಬೇಕೆಂಬ ಪ್ರಶ್ನೆ ಹೋಗಲಿಲ್ಲ.

ಸ್ವಲ್ಪ ಕಾಲ ಅದಕ್ಕೆ ಉತ್ತರವಾಗಿ ನಿಂತದ್ದು ರೇಡಿಯೋ. ಧಾರವಾಡ ಆಕಾಶವಾಣಿ ೧೯೫೦ರ ಜನವರಿ ೮ರಂದು ಆರಂಭವಾಯಿತು. ತಿಂಗಳ ಸಂಬಳದ ನಿಲಯದ ಕಲಾವಿದರು, ಪರೀಕ್ಷೆ ಕೊಟ್ಟು ಶ್ರೇಣಿ ಪಡೆದು ಆಗಾಗ ಕಾರ್ಯಕ್ರಮ ಪಡೆಯುವ ಹೊರಗಿನ ಕಲಾವಿದರು. ಒಂದು ದೃಷ್ಟಿಯಿಂದ ನೋಡಿದರೆ ಗಿರಣಿಯ ಕಾಯಂ ಕೆಲಸಗಾರ ಮತ್ತು ಬದಲಿ ಕೆಲಸಗಾರ. ಆದರೂ ಹಳ್ಳಿಯ ಹಾಡುಗಾರನಿಗೆ ಕಂಪನಿ ಮಾಲಕನ ಮರ್ಜಿಯಾಗಲಿ ಜಹಗೀರುದಾರನ ಮರ್ಜಿಯಾಗಲಿ ಕಾಯದೆ ಸರಕಾರದ ಚೆಕ್ಕು ಬರುತ್ತಿತ್ತು. ಬೀಡಿ ಕಟ್ಟುವವಳೂ ಸಾಹೇಬನೂ ಒಂದೇ ಹೊತ್ತಿಗೆ ಒಂದೇ ಹಾಡು ಕೇಳಿದರು. ರೇಡಿಯೋದಲ್ಲೂ ತಿಕ್ಕಲು ಇಲ್ಲದಿರಲಿಲ್ಲ. ಹಾರ್ಮೋನಿಯಂ ಭಾರತೀಯ ಸ್ವರಗಳಿಗೆ ಹೊಂದದೆಂದು ೧೯೪೦ರಲ್ಲಿ ಅದನ್ನು ಹೊರಹಾಕಿದವರು ೧೯೭೧ರವರೆಗೆ ಒಳಗೆ ಬಿಡಲಿಲ್ಲ. ಶ್ರುತಿಶಾಸ್ತ್ರದ ವಾದ ಸರಿಯೋ ತಪ್ಪೋ, ಮೂವತ್ತೊಂದು ವರ್ಷ ಪೇಟಿ ನುಡಿಸುವವರು ಏನು ತಿನ್ನಬೇಕೆಂದು ದಿಲ್ಲಿಯಲ್ಲಿ ಯಾರೂ ಕೇಳಿದಂತೆ ಕಾಣುವುದಿಲ್ಲ.

ಈಗ ದೇಶದ ಅನೇಕ ನಿಲಯಗಳಲ್ಲಿ ಕಲಾವಿದರು ನಿವೃತ್ತರಾದಂತೆ ಅವರ ಕುರ್ಚಿ ಖಾಲಿಯೇ ಉಳಿಯುತ್ತಿದೆ. ನಾಟಕ ಕಂಪನಿಗಳು ಬೆರಳೆಣಿಕೆಗೆ ಇಳಿದಿವೆ, ಇದ್ದವೂ ಹಾಡಿಗಾಗಿ ನಡೆಯುತ್ತಿಲ್ಲ. ಆಶ್ರಮ ಭಕ್ತರ ಕಾಣಿಕೆಯಿಂದ ನಡೆದಿದೆ. ೨೦೧೧ರಲ್ಲಿ ಸರಕಾರ ಗಂಗೂಬಾಯಿಯವರ ಹೆಸರಿನಲ್ಲಿ ಹುಬ್ಬಳ್ಳಿಯಲ್ಲಿ ಗುರುಕುಲ ತೆರೆದದ್ದು ಒಳ್ಳೆಯ ಕೆಲಸ, ಆದರೆ ಇಡೀ ಉತ್ತರ ಕರ್ನಾಟಕದ ಮಕ್ಕಳಿಗೆ ಒಂದು ಗುರುಕುಲ ಯಾವ ಮೂಲೆಗೆ ಸಾಕು?

ಮೊಬೈಲು ಇದೆಯಲ್ಲ, ಟಿವಿಯ ಸ್ಪರ್ಧೆಗಳಿವೆಯಲ್ಲ ಎನ್ನುವವರಿದ್ದಾರೆ. ಇವೆ. ಹೊಲದಲ್ಲಿ ಹಾಡಿದವನ ಹಾಡು ರಾತ್ರಿ ಬೆಳಗಾಗುವುದರಲ್ಲಿ ಲಕ್ಷ ಜನರಿಗೆ ಮುಟ್ಟುವುದನ್ನು ನಾವೂ ನೋಡಿ ಸಂತೋಷಪಟ್ಟಿದ್ದೇವೆ. ಅಂದು ಅಂಗಡಿಯ ಬಾಗಿಲಲ್ಲಿ ಮೊಳಗಿದ ತಟ್ಟೆಯ ಕೆಲಸವನ್ನು ಇಂದು ಅಂಗೈ ಯಂತ್ರ ಇನ್ನೂ ಚೆನ್ನಾಗಿ ಮಾಡುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ತಟ್ಟೆ ಕಿವಿ ತೆರೆಸಿತು. ಗಂಟಲು ತೆರೆಸಿದ್ದು ಕುಂದಗೋಳದ ನಾಲ್ಕು ವರ್ಷ. ಟಿವಿಯವರು ಸಿದ್ಧವಾದ ಪೈರು ಕೊಯ್ಯುತ್ತಾರೆ, ಕೊಯ್ದು ಕೆಲವು ವಾರ ಪ್ರದರ್ಶನಕ್ಕಿಟ್ಟು ಮುಂದಿನ ಹೊಲಕ್ಕೆ ಹೋಗುತ್ತಾರೆ. ಬಿತ್ತುವ, ಕಳೆ ತೆಗೆಯುವ, ಮಳೆಗೆ ಕಾಯುವ ವರ್ಷಗಳ ಖರ್ಚು ಅವರ ಲೆಕ್ಕದಲ್ಲಿಲ್ಲ. ಗ್ರಾಮಫೋನ್ ಕಂಪನಿಗೂ ಇದ್ದಿರಲಿಲ್ಲವೆನ್ನಿ. ಮಾರಾಟವಾಗುವುದನ್ನು ಹಾಡಿಸುವುದು ಅದರ ಧರ್ಮ. ಗಂಗೂಬಾಯಿಯವರೂ ೧೯೪೫ರ ಸುಮಾರಿನವರೆಗೆ ಭಜನೆ ಠುಮರಿಗಳನ್ನು ಹಾಡಿ, ಅನಂತರವೇ ಪೂರ್ತಿ ರಾಗಕ್ಕೆ ತಿರುಗಿದರು.

ನಾವು ಕೇಳುವುದು ದೊಡ್ಡ ಮೊತ್ತವಲ್ಲ. ಎಪ್ಪತ್ತು ದಾಟಿದವರ ಕೊರಳಿಗೆ ಶಾಲು ಹಾಕಿ ಲಕ್ಷದ ಪ್ರಶಸ್ತಿ ಕೊಡುವ ಸರಕಾರ, ಹದಿನಾರರ ಹುಡುಗನಿಗೆ ಐದಾರು ವರ್ಷ ತಿಂಗಳ ಖರ್ಚು ಕೊಡಲಿ. ಸರಕಾರಿ ಶಾಲೆಗಳಲ್ಲಿ ಸಂಗೀತ ಮಾಸ್ತರರನ್ನು ನೇಮಿಸಲಿ, ಅದರಿಂದ ಮಕ್ಕಳಿಗೆ ಹಾಡು ಬರುತ್ತದೆ, ಆಶ್ರಮದಿಂದ ಕಲಿತು ಹೊರಬಂದವರಿಗೆ ಅನ್ನವೂ ಬರುತ್ತದೆ. ರೇಡಿಯೋದ ಖಾಲಿ ಕುರ್ಚಿಗಳನ್ನು ತುಂಬಲಿ. ಗಣೇಶೋತ್ಸವದ ಮಂಡಳಿಗಳು ಡಿ.ಜೆ. ಪೆಟ್ಟಿಗೆಯ ಬಾಡಿಗೆಯಲ್ಲಿ ಒಂದು ರಾತ್ರಿಯದನ್ನು ಉಳಿಸಿ ಊರ ಹಾಡುಗಾರನನ್ನು ಕೂಡಿಸಲಿ, ತಬಲಾದವರಿಗೂ ಪೇಟಿಯವರಿಗೂ ಬಿದಾಗಿಯನ್ನು ಅಂದೇ ರಾತ್ರಿ ಕೈಯಲ್ಲಿ ಕೊಡಲಿ. ಕಾರ್ಮಿಕ ಸಂಘಗಳಿಗೂ ಈ ಮಾತು ಅನ್ವಯಿಸುತ್ತದೆ. ಮೇ ದಿನದ ಸಭೆಯಲ್ಲಿ ನಾವೇ ಬಾಡಿಗೆ ಪೆಟ್ಟಿಗೆಯಿಂದ ಹಾಡು ಹಾಕಿಸಿದ್ದೇವೆ, ಒಪ್ಪಿಕೊಳ್ಳುತ್ತೇವೆ.

ಇದನ್ನೆಲ್ಲ ಬರೆದ ಮೇಲೆ ಅಚ್ಚಿಗೆ ಕೊಡುವ ಮುನ್ನ ಸಾಹುಕಾರರಿಗೆ ಓದಿ ತೋರಿಸಿದೆವು. ಅಂಬಾಬಾಯಿಯ ಮಾತು ಬಂದಾಗ ಅವರು ತಕ್ಕಡಿ ತೂಗುವುದನ್ನು ನಿಲ್ಲಿಸಿದರು. ಮುಗಿಯುವವರೆಗೆ ಏನೂ ಅನ್ನಲಿಲ್ಲ. ಆಮೇಲೆ, ತಕ್ಕಡಿಯ ಕೆಲಸ ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಮಾತ್ರ ಎಂದೂ, ಧಾರವಾಡದ ಮೂರು ದಿನ ರಜೆ ಎಂದೂ, ಸಂಬಳ ಮಾತ್ರ ಅರ್ಧವೇ ಎಂದೂ ಹೇಳಿದರು. ಗಲ್ಲಾದಿಂದ ಎರಡು ನೋಟು ತೆಗೆದು ನಮ್ಮ ಕೈಗಿಟ್ಟು, "ಇದು ಈ ತಿಂಗಳ ರೈಲ್ ಪಾಸಿಗೆ ಆತ್ರಿ. ಮುಂದಿನ ತಿಂಗಳದ್ದು ನಿಮ್ಮ ಪಾರ್ಟಿದೋ, ನಿಮ್ಮ ಯೂನಿಯನ್ದೋ?" ಎಂದು ಕೇಳಿದರು.

ಹುಡುಗ ಗುರುವಾರದ ಗಾಡಿಗೆ ಹೋದ. ಮುಂದಿನ ತಿಂಗಳಿಗೆ ಇನ್ನು ಹದಿನೇಳು ದಿನವಿದೆ. ಹೆಸರು ಕೊಡಲಿಚ್ಛಿಸುವವರು ಸಂಜೆ ಆರರ ಮೇಲೆ ನಮ್ಮ ಕಚೇರಿಗೆ ಬರಬಹುದು. ಮೆಟ್ಟಿಲ ದೀಪ ಕೆಟ್ಟಿದೆ, ಅಂಗಡಿಯ ಕಡೆಯಿಂದ ಬನ್ನಿ.